ತೆರೆಯ ಮೇಲಿನ ಕಾಡು, ತೀರ್ಮಾನದ ಹಕ್ಕು

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಕಾಡಂಚಿನ ಬದುಕನ್ನು ಜನಪ್ರಿಯ ಚಿತ್ರದ ನಡುಮನೆಗೆ ತಂದು ಕೂರಿಸಿತು. ಕುಂದಾಪುರದ ಆಡುನುಡಿ, ಕಂಬಳದ ಕೆಸರುಗದ್ದೆ, ದೈವದ ಕೋಲ ಇವೆಲ್ಲ ಅಲ್ಲಿ ಕಥೆಯ ಅಲಂಕಾರವಾಗದೆ ಕಥೆಯೇ ಆದವು. ಅದರ ನಾಯಕನಟ ಹಾಗೂ ನಿರ್ದೇಶಕ ರಿಷಬ್ ಶೆಟ್ಟಿಯವರಿಗೆ 2024ರಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಈ ಗೆಲುವು ಸಣ್ಣದಲ್ಲ. ಆದರೆ ಪ್ರಾತಿನಿಧ್ಯವೆಂಬುದು ತೆರೆಯ ಮೇಲೆ ಯಾರು ಕಾಣುತ್ತಾರೆ ಎಂಬಲ್ಲಿಗೆ ಮುಗಿಯುವುದಿಲ್ಲ; ಯಾರ ಮಾತಿನಿಂದ ಕಥೆ ತಿರುಗುತ್ತದೆ ಎಂಬುದೇ ಅದರ ನಿಜವಾದ ಒರೆಗಲ್ಲು.

ಆ ಒರೆಗಲ್ಲಿಗೆ ಹಚ್ಚಿದಾಗ ಚಿತ್ರದ ಕೆಲವು ಗುಣಗಳು ಹೊಳೆಯುತ್ತವೆ. ಅರಣ್ಯಾಧಿಕಾರಿ ಮುರಳೀಧರ ಇಲ್ಲಿ ಬರಿಯ ಖಳನಲ್ಲ; ಕಾನೂನಿಗೆ ನಿಷ್ಠನಾದರೂ ಜನರನ್ನು ಅರಿಯದ ಮನುಷ್ಯ. ಜನರ ನೆಲವನ್ನು ನುಂಗಲು ಹೊಂಚುವವನು ಆಪ್ತನಂತೆ ನಟಿಸುವ ಊರಿನ ಒಡೆಯನೇ. ಮಲೆನಾಡಿನ ಹಳ್ಳಿಗಳಿಗೆ ಈ ಎರಡೂ ಮುಖಗಳು ಅಪರಿಚಿತವಲ್ಲ.

ಕೊರತೆ ಲೀಲಾಳ ಪಾತ್ರದಲ್ಲಿದೆ. ಅದೇ ಊರಿನ ಹೆಣ್ಣುಮಗಳೊಬ್ಬಳು ಅರಣ್ಯ ರಕ್ಷಕಿಯಾಗಿ, ಬೇಲಿ ಹಾಕುವ ದಿನ ತನ್ನವರ ಎದುರಿಗೇ ಸಮವಸ್ತ್ರದಲ್ಲಿ ನಿಲ್ಲಬೇಕಾಗುತ್ತದೆ. ಇಡೀ ಚಿತ್ರದ ಅತ್ಯಂತ ಕಠಿಣ ಪ್ರಶ್ನೆ ಇದೇ ಆಗಬಹುದಿತ್ತು. ಅದು ನಾಯಕನ ಪ್ರೇಮಪ್ರಸಂಗದ ಮುನಿಸಾಗಿ ಕರಗಿಹೋಗುತ್ತದೆ. ಆಕೆಯ ಒಪ್ಪಿಗೆಯಿಲ್ಲದೆ ಸೊಂಟ ಚಿವುಟುವುದನ್ನು ಚಿತ್ರವು ತಮಾಷೆಯೆಂದು ತೋರಿಸುತ್ತದೆ. ಸೊಪ್ಪು, ದರಗು, ಸೌದೆಗಾಗಿ ದಿನವೂ ಕಾಡಿಗೆ ಕಾಲಿಡುವ ಹೆಂಗಸರ ಅರಿವಿಗೆ ಕಥೆಯಲ್ಲಿ ತೂಕವೇ ಇಲ್ಲ.

ದೈವಾರಾಧನೆಯ ವಿಚಾರವೂ ಹೀಗೆಯೇ. ತುಳುನಾಡಿನಲ್ಲಿ ಈ ಕಲೆಯನ್ನು ತಲೆಮಾರುಗಳಿಂದ ಹೊತ್ತು ತಂದವರು ನಲಿಕೆ, ಪಂಬದ, ಪರವ ಮುಂತಾದ ಸಮುದಾಯದವರು. ಚಿತ್ರದ ಜನಪ್ರಿಯತೆಯ ಬೆನ್ನಲ್ಲೇ, 2022ರ ಅಕ್ಟೋಬರಿನಲ್ಲಿ, ರಾಜ್ಯ ಸರ್ಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಪ್ರಕಟಿಸಿತು. ಸಿನಿಮಾಕ್ಕೆ ಇಂತಹ ಬಲವೂ ಉಂಟು. ಆದರೆ ಕೋಲದ ರಾತ್ರಿ ಕೈಮುಗಿಸಿಕೊಂಡವನಿಗೆ ಬಣ್ಣ ತೊಳೆದ ಮರುದಿನವೂ ಸರಿಸಮಾನ ಗೌರವ ದೊರೆಯುವುದೇ ಎಂಬ ಪ್ರಶ್ನೆಗೆ ಮಾಸಾಶನ ಉತ್ತರವಾಗದು.

ಕೊನೆಗೆ ಅಧಿಕಾರಿಯ ಕೈಯನ್ನೂ ಜನರ ಕೈಗಳನ್ನೂ ದೈವವೇ ಕೂಡಿಸುತ್ತದೆ. 1990ರ ಕಥೆಗೆ ಆ ಮುಕ್ತಾಯ ಒಪ್ಪಬಹುದು. ಇಂದು ಊರಿನ ಕೈಯಲ್ಲಿ ಇನ್ನೊಂದು ಸಾಧನವಿದೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸಿ ನಿರ್ಣಯಿಸಬೇಕಾದುದು ಗ್ರಾಮಸಭೆ. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಅಲ್ಲಿ ಸದಸ್ಯರ ಅರ್ಧದಷ್ಟಾದರೂ ಹಾಜರಿರಬೇಕು; ಹಾಜರಾದವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು. ಅಂದರೆ ಚಿತ್ರವು ಮರೆತ ಹೆಂಗಸರನ್ನು ಕಾನೂನು ಮರೆತಿಲ್ಲ.

ಆದುದರಿಂದ ಚಿತ್ರವನ್ನು ಜರೆಯಬೇಕಾಗಿಲ್ಲ, ಪೂಜಿಸಬೇಕಾಗಿಯೂ ಇಲ್ಲ. ಚಿತ್ರಮಂದಿರದಿಂದ ಹೊರಬಂದ ವಿದ್ಯಾರ್ಥಿ ತನ್ನೂರಿನ ಗ್ರಾಮಸಭೆಯ ನಡಾವಳಿ ಪುಸ್ತಕವನ್ನೊಮ್ಮೆ ತೆರೆದು, ಅದರಲ್ಲಿ ಯಾರ ಸಹಿ ಇದೆ, ಯಾರದು ಇಲ್ಲವೆಂದು ಎಣಿಸಿ ನೋಡಲಿ. ವೈವಿಧ್ಯದ ನಿಜವಾದ ಪರೀಕ್ಷೆ ಆ ಪುಟದಲ್ಲಿದೆ.