ಸಾವಿನ ಕಾರಣವನ್ನು ಕಲ್ಲು ಹೇಳದು

2024ರ ಮೇ 24ರಂದು ಚನ್ನಗಿರಿ ಪೊಲೀಸ್ ಠಾಣೆಗೆ ಕರೆತರಲಾದ ಯುವಕನೊಬ್ಬ ಮೃತಪಟ್ಟ. ಅನಾರೋಗ್ಯವೆಂದರು ಪೊಲೀಸರು, ಲಾಕಪ್ ಸಾವೆಂದಿತು ಊರು. ರಾತ್ರಿ ಠಾಣೆಯ ಮೇಲೆ ಕಲ್ಲುಗಳು ಬಿದ್ದವು. ಸರಕಾರ ಅಧಿಕಾರಿಗಳನ್ನು ಅಮಾನತುಗೊಳಿಸಿ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಇತ್ತ ಕಲ್ಲೆಸೆದ ಆರೋಪದಲ್ಲಿ ಅನೇಕ ಮನೆಗಳ ಹುಡುಗರು ಜೈಲು ಸೇರಿದರು.

ಇಂತಹ ಸಾವಿನ ಕಾರಣವನ್ನು ಹೇಳಬಲ್ಲದ್ದು ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿರಿಸಿದ ಹೃದಯದ ತುಣುಕು, ಜಠರದ ದ್ರವ, ಚರ್ಮದಡಿ ಹೆಪ್ಪುಗಟ್ಟಿದ ರಕ್ತ. ಕಸ್ಟಡಿ ಸಾವಿಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವೇನೋ ಹೌದು. ಆದರೆ ಅವರ ಮುಂದೆ ಬರುವ ಕಾಗದವನ್ನು ಬರೆಯುವವರು ವೈದ್ಯರು ಮತ್ತು ವಿಧಿವಿಜ್ಞಾನಿಗಳು. ನಮ್ಮವರು ಆ ಕುರ್ಚಿಯಲ್ಲಿದ್ದರೆ ನಮ್ಮ ಪರ ಬರೆದಾರು ಎಂಬ ಅರ್ಥದಲ್ಲಿ ನಾವಿದನ್ನು ಹೇಳುತ್ತಿಲ್ಲ. ಹಾಗೆ ಬರೆಯುವವನು ವಿಜ್ಞಾನಿಯೇ ಅಲ್ಲ. ವರದಿಯನ್ನು ಓದಿ, ಅದರ ಲೋಪವನ್ನು ಬೆರಳಿಟ್ಟು ತೋರಿಸಬಲ್ಲ ಒಬ್ಬರಾದರೂ ನಮ್ಮ ನಡುವೆ ಇರಬೇಡವೇ?

ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 2024ರ ಅಕ್ಟೋಬರ್‌ನಲ್ಲಿ 17.7 ಕಿಲೋ ಚಿನ್ನ ಕಳುವಾಯಿತು. ಕಳ್ಳರು ಖಾರದ ಪುಡಿ ಚೆಲ್ಲಿ, ಸಿಸಿಟಿವಿಯ ದಾಖಲೆ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. 2025ರ ಮಾರ್ಚ್‌ನಲ್ಲಿ ಆ ಚಿನ್ನ ತಮಿಳುನಾಡಿನ ಉಸಿಲಂಪಟ್ಟಿ ಬಳಿಯ ಬಾವಿಯಿಂದ ಮೇಲೆ ಬಂತು. ಕಳ್ಳನೇ ಸಾಕ್ಷ್ಯದ ವಿಜ್ಞಾನವನ್ನು ಇಷ್ಟು ಕಲಿತಿರುವಾಗ ನಮ್ಮ ಮಕ್ಕಳು ಅದರ ಹೆಸರನ್ನೂ ಕೇಳಿಲ್ಲವೆಂಬುದು ವಿಚಿತ್ರವೇ.

ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಯ ವನ್ಯಧಾಮವಿದೆ. ಸಿಕ್ಕಿಬಿದ್ದ ಮಾಂಸ ಕೊಂಡುಕುರಿಯದ್ದೋ ಮೇಕೆಯದ್ದೋ ಎಂಬುದನ್ನು ಡಿಎನ್‌ಎ ಪರೀಕ್ಷೆ ನಿರ್ಣಯಿಸುತ್ತದೆ. ಹಸುವಿನದ್ದೋ ಎಮ್ಮೆಯದ್ದೋ ಎಂಬುದನ್ನೂ ಅದೇ ಪರೀಕ್ಷೆ ಹೇಳುತ್ತದೆ. 2020ರ ಗೋಹತ್ಯೆ ತಡೆ ಕಾಯ್ದೆಯ ಪ್ರಕರಣಗಳಲ್ಲಿ ಎಷ್ಟೋ ಕುಟುಂಬಗಳ ಭವಿಷ್ಯ ಈ ಉತ್ತರದ ಮೇಲೆ ನಿಂತಿರುತ್ತದೆಂದು ವಿವರಿಸಬೇಕಾಗಿಲ್ಲ.

ಪದವಿ ಪಡೆದರೆ ಸಾಲದೇ, ಸಂಶೋಧನೆ ಏಕೆ ಎನ್ನಬಹುದು. ಶವದ ಮೇಲೆ ಕುಳಿತ ನೊಣದ ಮರಿಹುಳುವಿನ ಬೆಳವಣಿಗೆಯಿಂದ ಸಾವಿನ ವೇಳೆಯನ್ನು ಅಂದಾಜಿಸುತ್ತಾರೆ. ಆ ಬೆಳವಣಿಗೆ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ತಂಪು ದೇಶದ ಲೆಕ್ಕವನ್ನು ಜಗಳೂರಿನ ಬಿಸಿಲಿಗೆ ಅನ್ವಯಿಸಿದರೆ ಒಂದೆರಡು ದಿನಗಳೇ ತಪ್ಪಿಹೋದಾವು, ನಿರಪರಾಧಿ ಸಿಲುಕಿಕೊಂಡಾನು. ಬಯಲಿನ ಲೆಕ್ಕ ಚನ್ನಗಿರಿಯ ಅಡಿಕೆ ತೋಟದ ನೆರಳಿಗೂ ಹೊನ್ನಾಳಿಯ ನಾಲೆಯ ನೀರಿಗೂ ಒಗ್ಗದು. ಇಲ್ಲಿನ ಲೆಕ್ಕವನ್ನು ಇಲ್ಲಿಯೇ ವರ್ಷಗಟ್ಟಲೆ ಕುಳಿತು ಬರೆಯಬೇಕು.

ದಾರಿ ದೂರದ್ದಲ್ಲ. ವಿಜ್ಞಾನ ಪದವಿಯ ಬಳಿಕ ಎರಡು ವರ್ಷದ ಎಂ.ಎಸ್ಸಿ., ಅದರೊಳಗೆ ಒಂದು ಪ್ರೌಢಪ್ರಬಂಧ, ಆಮೇಲೆ ಪಿಎಚ್.ಡಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ಪ್ರಾದೇಶಿಕ ಪ್ರಯೋಗಾಲಯವಂತೂ ದಾವಣಗೆರೆಯಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳಿಗೆ ಐದು ವರ್ಷಗಳ ಗಡುವಿದೆ. ಅಷ್ಟು ತಜ್ಞರು ಎಲ್ಲಿಂದ ಬರಬೇಕು?

ಹೆಣ ಕೊಯ್ಯುವ ಓದು ಹೆಣ್ಣುಮಗಳಿಗೇಕೆ ಎಂದು ತಾಯಂದಿರು ಕೇಳುವುದುಂಟು. ಹೆಣ ಕೊಯ್ಯುವವರು ವೈದ್ಯರು. ಇವರ ಮೇಜಿಗೆ ಬರುವುದು ಮೊಹರು ಹಾಕಿದ ಬಾಟಲಿ, ಬಟ್ಟೆಯ ಚೂರು, ಹಾರ್ಡ್ ಡಿಸ್ಕ್.

ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರವು 2022-23ರಿಂದ ನಿಲ್ಲಿಸಿದ್ದು ದೊಡ್ಡ ಪೆಟ್ಟು. ಆದರೂ ವಿಧಿವಿಜ್ಞಾನವು ಯುಜಿಸಿಯ ನೆಟ್ ವಿಷಯವಾಗಿದ್ದು, ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅಲ್ಲಿಯವರೆಗಿನ ಎರಡು ವರ್ಷದ ಖರ್ಚನ್ನಷ್ಟೇ ಯಾರಾದರೂ ಹೊರಬೇಕು. ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಕೂಡಿ ವರ್ಷಕ್ಕೆ ಒಬ್ಬರನ್ನು ಕಳುಹಿಸಲಾರವೇ?