ಮೊದಲು ದಾರ, ಆಮೇಲೆ ರೀಲ್, ಕೊನೆಗೆ ರಾಡ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರಿಗೆ ಗಾಳ ಹಾಕೋದು ಹೊಸದಲ್ಲ. ಬಿದಿರು ಕಡ್ಡಿ, ನೈಲಾನ್ ದಾರ, ಒಂದು ಬೆಂಡು, ಎರೆಹುಳು ಇದ್ದರೆ ಸಾಕು, ಜಿಲೇಬಿ ಮೀನು ಸಿಗುತ್ತೆ. ಹೊಸದು ಏನಪ್ಪಾ ಅಂದ್ರೆ ಆಸ್ಟ್ರೇಲಿಯಾದ ಬ್ಯಾರಮಂಡಿ ವಿಡಿಯೋ ನೋಡಿ, ಅದರಲ್ಲಿ ತೋರಿಸಿದ ರಾಡ್ ಮತ್ತು ರೀಲನ್ನೇ ಆರ್ಡರ್ ಮಾಡೋದು. ರಾಡ್‌ಗೆ ಅರ್ಧ ದುಡ್ಡು, ರೀಲ್‌ಗೆ ಇನ್ನರ್ಧ. ಕೊನೆಗೆ ಉಳಿದ ಚಿಲ್ಲರೆಯಲ್ಲಿ ಸಿಕ್ಕಿದ ದಾರ. ಈ ಕ್ರಮವೇ ತಲೆಕೆಳಗಾಗಿದೆ ಅನ್ನೋದು ನನ್ನ ವಾದ. ಯಾವ ನೀರು, ಯಾವ ಮೀನು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ತಕ್ಕ ದಾರ, ದಾರಕ್ಕೆ ತಕ್ಕ ರೀಲ್, ಎರಡಕ್ಕೂ ಹೊಂದುವ ರಾಡ್.

ಬ್ಯಾರಮಂಡಿ ನಮಗೆ ಪರದೇಶಿ ಮೀನೇನಲ್ಲ. ಕೊಲ್ಕತ್ತಾದವರ ಭೆಟ್ಕಿ, ಗೋವಾದವರ ಚೋಣಕ್, ಮಲಯಾಳಿಗಳ ಕಾಳಾಂಜಿ ಎಲ್ಲಾ ಇದೇ. ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೆ. ಸಿಹಿನೀರಿನಲ್ಲಿ ಬೆಳೆಯಬಲ್ಲದು, ಆದರೆ ಮೊಟ್ಟೆ ಇಡೋಕೆ ಉಪ್ಪುನೀರೇ ಬೇಕು. ಲಕ್ಷ್ಮಣತೀರ್ಥದ ದಡದಲ್ಲಿ ಅದಕ್ಕೆ ಕಾದು ಕೂತರೆ ಪ್ರಯೋಜನವಿಲ್ಲ. ಕಡಲಿನಿಂದ ಕಾವೇರಿ ಹಿಡಿದು ಬರಬೇಕಾದರೆ ಮೆಟ್ಟೂರು ಅಣೆಕಟ್ಟು, ಶಿವನಸಮುದ್ರದ ಜಲಪಾತ, ಕೆ.ಆರ್.ಎಸ್. ಎಲ್ಲಾ ದಾಟಬೇಕು.

ಹಾಗಂತ ಆ ವಿಡಿಯೋಗಳಿಂದ ಕಲಿಯೋದು ಏನೂ ಇಲ್ಲ ಅಂತಲ್ಲ. ಅಲ್ಲಿನವರು 30 ಪೌಂಡಿನ ಹೆಣೆದ ದಾರ, ಅಂದ್ರೆ ಬ್ರೇಡ್, ಅದರ ತುದಿಗೆ ಇನ್ನೂ ದಪ್ಪದ ನೈಲಾನ್ ಲೀಡರ್ ಯಾಕೆ ಕಟ್ಟುತ್ತಾರೆ? ಆ ಮೀನು ಬಿದ್ದ ಮರ, ಕಾಂಡ್ಲಾ ಬೇರುಗಳ ನಡುವೆ ಅಡಗಿರುತ್ತೆ. ಗಾಳ ಕಚ್ಚಿದ ಕೂಡಲೇ ಮತ್ತೆ ಬೇರಿನೊಳಗೆ ನುಗ್ಗುತ್ತೆ. ಬಾಯಿ ಒರಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಹರಿತ. ತೆಳು ದಾರ ಅಲ್ಲಿ ಉಳಿಯಲ್ಲ. ಅಂದರೆ ಆ ಸೆಟ್ ಒಂದು ಮೀನಿನ ಸ್ವಭಾವಕ್ಕೆ ಕೊಟ್ಟ ಉತ್ತರ. ನಾವು ಕಾಪಿ ಹೊಡೆಯಬೇಕಾದದ್ದು ಆ ಲೆಕ್ಕವನ್ನು, ಶಾಪಿಂಗ್ ಲಿಸ್ಟನ್ನು ಅಲ್ಲ.

ನಮ್ಮ ನಾಲ್ಕು ತಾಲ್ಲೂಕಿನ ನೀರಿಗೆ ಅದೇ ಲೆಕ್ಕ ಹಾಕೋಣ. ಊರ ಕೆರೆಯಲ್ಲಿ ಜೊಂಡು, ತಾವರೆ ಬಳ್ಳಿ ಇದ್ದರೆ ಅಲ್ಲಿ ಕೊರಮೀನು ಇರುತ್ತೆ. ಹಾವಿನಂಥ ತಲೆ, ಮೇಲೆ ಬಂದು ಗಾಳಿ ಕುಡಿಯುವ ಮೀನು. ಬ್ಯಾರಮಂಡಿ ಸೆಟ್‌ಗೆ ನಮ್ಮಲ್ಲಿ ಹತ್ತಿರದ ಕೆಲಸ ಇದ್ದರೆ ಅದು ಇದೇ. ಎರಡು ಕೆಜಿ ಮೀನಿಗೆ 30–40 ಪೌಂಡಿನ ಬ್ರೇಡ್ ಜಾಸ್ತಿ ಅಂತ ಕಾಣಬಹುದು. ಆದರೆ ಎಳೆಯಬೇಕಾದದ್ದು ಬರೀ ಮೀನನ್ನಲ್ಲ, ಅದರ ಮೈಗೆ ಸುತ್ತಿಕೊಂಡ ಬಳ್ಳಿಯನ್ನೂ. ಬ್ರೇಡ್ ಹೆಚ್ಚಾಗಿ ತೇಲುತ್ತೆ, ಬಳ್ಳಿಯನ್ನು ಕೊಯ್ಯುತ್ತೆ, ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಜಾರಿಸೋಕೆ ಸರಿಯಾಗಿರುತ್ತೆ.

ಕಬಿನಿ, ತಾರಕ, ನುಗು ಥರದ ಜಲಾಶಯದ ಬಯಲು ನೀರಿನಲ್ಲಿ ಕಾಟ್ಲಾ, ರೋಹುಗೆ ಅಷ್ಟೆಲ್ಲ ಬೇಡ. 12–15 ಪೌಂಡಿನ ನೈಲಾನ್ ಸಾಕು. ನೈಲಾನ್ ಹಿಗ್ಗುತ್ತೆ, ಮೀನು ತಲೆ ಒದರಿದಾಗ ಅದೇ ಸ್ಪ್ರಿಂಗ್ ಥರ ಕೆಲಸ ಮಾಡುತ್ತೆ. ಚುಂಚನಕಟ್ಟೆ ಕಡೆಯಂಥ ಬಂಡೆ ಇರುವ ಹೊಳೆಗೆ ಬರೀ ಬ್ರೇಡ್ ಹಾಕಬೇಡಿ. ನೇರ ಎಳೆತಕ್ಕೆ ಅದು ಗಟ್ಟಿ, ಕಲ್ಲಿನ ಅಂಚಿಗೆ ಉಜ್ಜಿದರೆ ನಾಲ್ಕೇ ಎಳೆತಕ್ಕೆ ಹೋಯ್ತು. ಮುಂದೆ ಒಂದು ಮಾರು ದಪ್ಪ ಲೀಡರ್ ಬೇಕೇ ಬೇಕು.

ಈಗ ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ. ಬೆಲ್ಟ್ ಫ್ರಿಕ್ಷನ್: T2 = T1 × e^(μθ). ಪರೀಕ್ಷೆ ಮುಗಿದ ಮೇಲೆ ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳಿದವರಿಗೆ ಉತ್ತರ ಇಲ್ಲಿದೆ. ನಿಮ್ಮ ದಾರ 20 ಪೌಂಡ್, ಅಂದರೆ ಸುಮಾರು 9 ಕೆಜಿ. ರೀಲಿನ ಡ್ರ್ಯಾಗ್ 3 ಕೆಜಿಗೆ ಜಾರುವಂತೆ ಇಟ್ಟಿದ್ದೀರಿ. ಮೀನು ಮುಳುಗಿದ ಮರದ ಬೊಡ್ಡೆಯನ್ನು ಅರ್ಧ ಸುತ್ತು ಹಾಕಿತು. μ 0.3 ಅಂತ ಇಟ್ಟುಕೊಂಡರೆ ಮೀನಿನ ಕಡೆ ಎಳೆತ ಸುಮಾರು 7.7 ಕೆಜಿ ಆಗೋವರೆಗೂ ರೀಲು ಬಿಡೋದೇ ಇಲ್ಲ. ಇನ್ನೊಂದು ಅರ್ಧ ಸುತ್ತು ಹಾಕಿದರೆ ಲೆಕ್ಕ 19 ಕೆಜಿ ದಾಟುತ್ತೆ, ದಾರ ಅದಕ್ಕೆ ಮುಂಚೆಯೇ ಫಟ್. ಎಷ್ಟೇ ದುಬಾರಿ ರೀಲ್ ಇದ್ದರೂ ಅಲ್ಲಿ ಏನೂ ಮಾಡಕ್ಕಾಗಲ್ಲ. ಬೊಡ್ಡೆ ಇರುವ ಕಡೆ ದಪ್ಪ ದಾರ ಹಾಕಿ ಮೀನನ್ನು ತಕ್ಷಣ ಹೊರಗೆಳೆಯೋದೊಂದೇ ದಾರಿ.

ರೀಲ್ ಬೇಡ ಅಂತಲ್ಲ. ಆದರೆ ಅದರಲ್ಲಿ ನೋಡಬೇಕಾದದ್ದು ಬೇರಿಂಗ್ ಎಷ್ಟಿದೆ ಅಂತಲ್ಲ, ಡ್ರ್ಯಾಗ್ ತಡವರಿಸದೆ ಜಾರುತ್ತಾ ಅಂತ. 3000–4000 ಸೈಜಿನ ಸಾದಾ ಸ್ಪಿನ್ನಿಂಗ್ ರೀಲ್ ನಮ್ಮ ಬಹುತೇಕ ಕೆಲಸಕ್ಕೆ ಸಾಕು. ಆ ನಂಬರ್ ಎಲ್ಲಾ ಕಂಪನಿಗೂ ಒಂದೇ ಅಳತೆ ಅಲ್ಲ, ಹಾಗಾಗಿ ಎಷ್ಟು ಮೀಟರ್ ದಾರ ಹಿಡಿಯುತ್ತೆ ಅಂತ ಓದಿ. ಬ್ರೇಡ್ ಆದರೆ ಕೆಳಗೆ ಸ್ವಲ್ಪ ನೈಲಾನ್ ಸುತ್ತಿ, ಇಲ್ಲದಿದ್ದರೆ ಇಡೀ ದಾರ ಸ್ಪೂಲ್ ಮೇಲೆ ಜಾರುತ್ತೆ. ಸ್ಪೂಲ್ ತುಂಬ ದಾರ ಇರಲಿ. ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಅರ್ಧಕ್ಕೆ ಇಳಿದರೆ ಎಳೆತ ಎರಡರಷ್ಟಾಗುತ್ತೆ. ಡ್ರ್ಯಾಗನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಬೇಡಿ. ಲಗೇಜ್ ತೂಗುವ ಸ್ಕೇಲಿಗೆ ದಾರ ಕಟ್ಟಿ ಎಳೆಯಿರಿ, ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಜಾರಬೇಕು. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ, ಒಣ ಗಂಟು ಬಿಸಿಯಾಗಿ ಅಲ್ಲೇ ಕಿತ್ತುಹೋಗುತ್ತೆ.

ರಾಡ್ ವಿಷಯ ಚಿಕ್ಕದು. ಏಳು ಅಡಿ, ಮೀಡಿಯಂ ಹೆವಿ. ಹಿಡಿಯ ಮೇಲ್ಗಡೆ ಎಷ್ಟು ಪೌಂಡ್ ದಾರಕ್ಕೆ ಅಂತ ಬರೆದಿರುತ್ತಾರೆ, ನಿಮ್ಮ ದಾರ ಅದರೊಳಗೆ ಬಂದರೆ ಆಯಿತು. ಒಳಗೆ ದಾರ ಓಡುವ ರಿಂಗುಗಳಲ್ಲಿ ಹತ್ತಿ ಉಜ್ಜಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಅದು ದಾರವನ್ನೂ ಕೊಯ್ಯುತ್ತೆ.

ಇದಕ್ಕೆ ಒಂದು ಆಕ್ಷೇಪ ಯಾವಾಗಲೂ ಬರುತ್ತೆ: "ತೆಳು ದಾರದಲ್ಲಿ ದೊಡ್ಡ ಮೀನು ಆಡಿಸೋದೇ ಮಜಾ, ದಪ್ಪ ದಾರದಲ್ಲಿ ಯಾರು ಬೇಕಾದರೂ ಎಳೀತಾರೆ." ಮಜಾ ಯಾರಿಗೆ ಅಂತ ಕೇಳಬೇಕು. ಅರ್ಧ ಗಂಟೆ ಆಡಿಸಿದ ಮೀನು ಸುಸ್ತಾಗಿ, ಬಿಟ್ಟ ಮೇಲೂ ಸಾಯಬಹುದು. ದಾರ ಕಿತ್ತರೆ ಗಾಳ ಬಾಯಲ್ಲೇ, ಹಿಂದೆ ಹತ್ತು ಮೀಟರ್ ನೈಲಾನ್.

ನಮ್ಮ ಹೊಳೆಗಳಲ್ಲಿ ಇದು ಬರೀ ಮಾತಲ್ಲ. ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕೆಜಿಯ ಮಹಶೀರ್ ಹಿಡಿದರು. ಇವತ್ತಿಗೂ ಜನ ಹೇಳುವ ದಾಖಲೆ ಅದು. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಆಗಲೇ ಅದು ತೀವ್ರ ಅಳಿವಿನ ಅಂಚಿಗೆ ಬಂದಿತ್ತು. ಹೆಸರು ಸಿಗೋ ಹೊತ್ತಿಗೆ ಮೀನೇ ಇಲ್ಲ ಅನ್ನೋ ಪರಿಸ್ಥಿತಿ. ಅಂಥದ್ದೊಂದು ಅಕಸ್ಮಾತ್ ನಿಮ್ಮ ಗಾಳಕ್ಕೆ ಬಂದರೆ ಅದು ಬೇಗ ದಡಕ್ಕೆ ಬಂದು, ಬೇಗ ವಾಪಸ್ ಹೋಗಬೇಕು. ಅದಕ್ಕೆ ದಪ್ಪ ದಾರ, ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ ಗಾಳ. ಕೊರಮೀನಿಗೂ ಒಂದು ನಿಯಮ: ನೀರಿನ ಮೇಲೆ ಮರಿಗಳ ಗುಂಪು ಕಂಡರೆ ಅಲ್ಲಿ ಎಸೆಯಬೇಡಿ. ಕೆಳಗೆ ಕಾಯುತ್ತಿರೋದು ಅಪ್ಪ ಅಮ್ಮ. ಅವನ್ನು ಎತ್ತಿದರೆ ಇಡೀ ಗುಂಪು ಬೇರೆ ಮೀನುಗಳ ಪಾಲು.

ಇನ್ನು ಜಾಗದ ಮಾತು. ನಾಗರಹೊಳೆ, ಬಂಡೀಪುರದ ಒಳಗಿನ ನೀರಿಗೆ ಗಾಳ ಹಾಕುವಂತಿಲ್ಲ, ಕಬಿನಿ ಹಿನ್ನೀರಿನ ಕಾಡಿನ ಭಾಗವೂ ಸೇರಿ. ಊರ ಕೆರೆಗಳಲ್ಲಿ ಎಷ್ಟೋ ಕಡೆ ಮೀನಿನ ಹಕ್ಕು ಸಂಘಕ್ಕೋ ಟೆಂಡರ್ ಹಿಡಿದವರಿಗೋ ಹೋಗಿರುತ್ತೆ. ಅವರು ಮರಿ ಬಿಟ್ಟು ದುಡ್ಡು ಹಾಕಿರುತ್ತಾರೆ. ನಮ್ಮ ಮಜಾ ಅವರ ಹೊಟ್ಟೆಪಾಡು, ಕೇಳಿ ಹಾಕೋದು ಮರ್ಯಾದೆ.

ನಮ್ಮದೆಲ್ಲ ಹಾಸ್ಟೆಲ್ ಬಡ್ಜೆಟ್, ಗೊತ್ತು. ಅದಕ್ಕೇ ಹೇಳೋದು, ಒಳ್ಳೆ ದಾರ, ಲೀಡರ್, ಗಾಳಕ್ಕೆ ಮೊದಲು ದುಡ್ಡು ಎತ್ತಿಡಿ. ಬಿಸಿಲಿಗೆ ಬಿದ್ದ ಹಳೇ ನೈಲಾನ್ ಬದಲಾಯಿಸಿ. ತುಂಡಾದ ದಾರವನ್ನು ದಡದಲ್ಲಿ ಬಿಸಾಡದೆ ಜೇಬಿಗೆ ಹಾಕಿಕೊಳ್ಳಿ, ಅದು ಕೊಳೆಯಲ್ಲ, ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತೆ. ಉಳಿದದ್ದರಲ್ಲಿ ಬರುವ ಸಾದಾ ರೀಲ್, ಸಾದಾ ರಾಡ್ ತಗೊಳ್ಳಿ. ಕೆರೆ ದಡದಲ್ಲಿ ನಿಂತಾಗ ನಿಮಗೂ ಮೀನಿಗೂ ನಡುವೆ ಇರೋದು ರಾಡಿನ ಬ್ರ್ಯಾಂಡ್ ಅಲ್ಲ, ಆ ದಾರ.