ಭಾರವನ್ನೆತ್ತಬಾರದೆ?

ರೋಗಗಳಲ್ಲಿ ನಾಲ್ಕು ಜನರೆದುರಿಗೆ ಹೇಳಿಕೊಳ್ಳಬಹುದಾದುವು, ಹೇಳಿಕೊಳ್ಳಬಾರದುವು ಎಂದು ಎರಡು ಜಾತಿಗಳುಂಟು. ಕಾಲು ಮುರಿದುಕೊಂಡವನು ತನ್ನ ಪ್ಲಾಸ್ಟರಿನ ಮೇಲೆ ಗೆಳೆಯರ ಸಹಿ ಹಾಕಿಸಿಕೊಂಡು ಮೆರೆಯುತ್ತಾನೆ. ಹೃದಯದ ಶಸ್ತ್ರಚಿಕಿತ್ಸೆಯಾದ ಹಿರಿಯರು ತಮ್ಮ ಎದೆಯ ಗಾಯವನ್ನು ಪದಕದಂತೆ ವರ್ಣಿಸುವುದನ್ನು ಮದುವೆಯ ಮನೆಗಳಲ್ಲಿ ಕೇಳಿದ್ದೇನೆ. ಕರುಳಿನ ಮಾತು ಬಂದಿತೆಂದರೆ ಮಾತ್ರ ಹೇಳುವವರೂ ಕೇಳುವವರೂ ಕಿಟಕಿಯ ಕಡೆಗೆ ನೋಡತೊಡಗುತ್ತಾರೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಈ ವಿಷಯ ತಕ್ಕುದೇ ಎಂದು ಸಂಪಾದಕ ಮಂಡಲಿಯ ಮಿತ್ರರೊಬ್ಬರು ಸಂಕೋಚದಿಂದಲೇ ಕೇಳಿದರು. ಕಾವ್ಯ, ಪ್ರವಾಸ, ಹರಟೆಗಳ ನಡುವೆ ಕರುಳಿಗೂ ಎರಡು ಪುಟ ದೊರೆಯಲೆಂದು ಬೇಡಿಕೊಂಡೆ. ಅವರು ಉದಾರವಾಗಿ ಒಪ್ಪಿದರು.

ಮೊದಲು ಶಬ್ದಾರ್ಥವನ್ನು ಹೇಳಿಬಿಡುತ್ತೇನೆ. ‘ಸ್ಟೋಮಾ’ ಎಂಬುದು ಗ್ರೀಕ್ ಭಾಷೆಯ ಮಾತು. ಬಾಯಿ ಎಂದು ಅದರ ಅರ್ಥ. ಕೆಟ್ಟ ಕರುಳನ್ನು ತೆಗೆದ ಮೇಲೆ, ಇಲ್ಲವೆ ಹೊಲಿಗೆ ಹಾಕಿದ ಕರುಳಿಗೆ ವಿಶ್ರಾಂತಿ ಕೊಡಬೇಕಾದಾಗ, ಮೇಲಿನ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಸಣ್ಣ ಕರುಳಿನಿಂದ ಮಾಡಿದುದು ಇಲಿಯಾಸ್ಟಮಿ, ದೊಡ್ಡ ಕರುಳಿನಿಂದ ಮಾಡಿದುದು ಕೊಲಾಸ್ಟಮಿ. ಅಲ್ಲಿಂದ ಮುಂದೆ ಮಲವು ಆ ಹೊಸ ಬಾಯಿಯಿಂದ ಹೊರಟು, ಹೊಟ್ಟೆಗೆ ಅಂಟಿಸಿದ ಚೀಲವನ್ನು ಸೇರುತ್ತದೆ. ಗುದನಾಳದ ಕ್ಯಾನ್ಸರ್, ಕರುಳಿನ ಉರಿಯೂತ, ಟೈಫಾಯ್ಡಿನಲ್ಲಿ ಕರುಳಿಗೆ ತೂತು ಬೀಳುವುದು, ಕರುಳಿನ ಕ್ಷಯ, ಅಪಘಾತದ ಪೆಟ್ಟು, ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಕೆಲವರಿಗೆ ಇದು ಕೆಲವು ತಿಂಗಳ ವ್ಯವಸ್ಥೆ, ಕೆಲವರಿಗೆ ಜೀವಾವಧಿ. ನಾನು ಎರಡನೆಯ ಗುಂಪಿಗೆ ಸೇರಿದವನು. ದ್ವಿತೀಯ ಬಿ.ಎ. ಓದುತ್ತಿದ್ದಾಗ ಅಲ್ಸರೇಟಿವ್ ಕೊಲೈಟಿಸ್ ಎಂಬ ರೋಗ ಔಷಧಗಳಿಗೆ ಬಗ್ಗದೆ ಹೋಗಿ, ನನ್ನ ದೊಡ್ಡ ಕರುಳನ್ನು ಪೂರ್ತಿಯಾಗಿ ತೆಗೆದರು.

ಈ ಶಸ್ತ್ರಚಿಕಿತ್ಸೆ ಇಂದಿನ ರೂಪಕ್ಕೆ ಬಂದುದು ಬಹಳ ಹಿಂದೇನೂ ಅಲ್ಲ. ಕರುಳಿನ ತುದಿಯನ್ನು ಅಂಗಿಯ ತೋಳಿನಂತೆ ಹೊರಕ್ಕೆ ಮಡಿಸಿ ಹೊಲಿಯುವ ಕ್ರಮವನ್ನು ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಎಂಬ ವೈದ್ಯರು 1952ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ, 1954ರಲ್ಲಿ, ಡೆನ್ಮಾರ್ಕಿನ ಎಲಿಸೆ ಸೋರೆನ್ಸೆನ್ ಎಂಬ ದಾದಿ ಚರ್ಮಕ್ಕೆ ಅಂಟಿಕೊಳ್ಳುವ ಚೀಲವನ್ನು ಕಲ್ಪಿಸಿದಳು. ಅವಳ ತಂಗಿಗೆ ಇಂಥದೇ ಶಸ್ತ್ರಚಿಕಿತ್ಸೆಯಾಗಿ, ಆಕೆ ಮನೆಯಿಂದ ಹೊರಡಲು ಅಂಜುತ್ತಿದ್ದಳಂತೆ. ಒಬ್ಬ ಅಕ್ಕನ ಮರುಕದಿಂದ ಹುಟ್ಟಿದ ಆ ಚೀಲದ ಸಂತತಿಯೇ ಇಂದು ನನ್ನನ್ನು ತರಗತಿಯಲ್ಲಿ ಮೂರು ಗಂಟೆ ಕುಳ್ಳಿರಿಸುತ್ತಿದೆ. ಉಪನ್ಯಾಸ ನೀರಸವಾದಾಗ ಅದೂ ಒಮ್ಮೊಮ್ಮೆ ಗುರುಗುಟ್ಟುವುದುಂಟು, ಗುರುಗಳು ಕ್ಷಮಿಸಬೇಕು.

ಈಗ ನನ್ನ ವಾದಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಹೊರಡುವ ದಿನ ಸ್ಟೋಮಾದವನಿಗೆ ದೊರೆಯುವ ಉಪದೇಶಗಳಲ್ಲಿ ‘ಭಾರ ಎತ್ತಬೇಡ’ ಎಂಬುದು ಮುಖ್ಯವಾದುದು. ಇದು ಬಂಗಾರದಂಥ ಮಾತೇ ಸರಿ. ಕರುಳು ಹೊರಬರಲೆಂದು ಹೊಟ್ಟೆಯ ಸ್ನಾಯುವಿನಲ್ಲಿ ಒಂದು ಕಿಂಡಿಯನ್ನು ಮಾಡಿರುತ್ತಾರೆ. ಗೋಡೆಗೆ ಕಿಂಡಿ ಕೊರೆದರೆ ಅಲ್ಲಿ ಗೋಡೆ ದುರ್ಬಲವಾಗುವುದು ಸಹಜ. ಗಾಯ ಬಲಿಯುವುದಕ್ಕೆ ಮೊದಲೇ ಒಳಗಿನಿಂದ ಒತ್ತಡ ಬಿದ್ದರೆ, ಕಿಂಡಿಯ ಪಕ್ಕದಿಂದ ಕರುಳು ನುಸುಳಿ ಹರ್ನಿಯಾ ಆಗುವ ಸಂಭವವಿದೆ. ಸ್ಟೋಮಾದವರಲ್ಲಿ ಇದು ಅಪರೂಪದ ತೊಂದರೆಯೇನೂ ಅಲ್ಲ. ಆದುದರಿಂದ ಸಾಮಾನ್ಯವಾಗಿ 6ರಿಂದ 12 ವಾರಗಳವರೆಗೆ ಭಾರದ ಕೆಲಸ ಬೇಡವೆನ್ನುತ್ತಾರೆ. ನನ್ನ ಆಕ್ಷೇಪಣೆ ಆ ವಾರಗಳ ಬಗೆಗಲ್ಲ, ಅವು ಮುಗಿದ ಮೇಲೆ ಏನು ಎಂಬುದನ್ನು ಯಾರೂ ಹೇಳದಿರುವ ಬಗೆಗೆ. ಅವಧಿಯಿಲ್ಲದೆ ಹೇಳಿದ ನಿಷೇಧ ನಮ್ಮ ಮನೆಗಳಲ್ಲಿ ಶಾಸನವಾಗಿಬಿಡುತ್ತದೆ. ನನ್ನ ಅಜ್ಜಿ ಎಂಟು ತಿಂಗಳಾದರೂ ನನಗೆ ತಂಬಿಗೆಗಿಂತ ದೊಡ್ಡ ಪಾತ್ರೆಯನ್ನು ಮುಟ್ಟಗೊಡಲಿಲ್ಲ.

ನನ್ನ ಅಜ್ಜಿಯ ಅಕ್ಕರೆ ನನಗೇನೂ ನಷ್ಟ ಮಾಡಲಿಲ್ಲವೆನ್ನಿ. ಪುಸ್ತಕ ಎತ್ತಲು ತೋಳ್ಬಲ ಹೆಚ್ಚು ಬೇಕಿಲ್ಲ. ನನ್ನ ಪಕ್ಕದ ಮಹಿಳಾ ವಾರ್ಡಿನಲ್ಲಿ ಒಬ್ಬ ತಾಯಿ ಇದ್ದರು. ಕೂಲಿಯವರು, ಇಬ್ಬರು ಸಣ್ಣ ಮಕ್ಕಳು, ಮನೆಗೆ ನೀರು ಬೀದಿಯ ನಲ್ಲಿಯಿಂದ ಬರಬೇಕು. ಅವರಿಗೂ ಅದೇ ಉಪದೇಶವಾಯಿತು: ಇನ್ನು ಮುಂದೆ ಭಾರ ಎತ್ತಬೇಡಿ. ಆಕೆ ತಲೆಯಾಡಿಸಿದರು. ಹೊರಗೆ ಕಾರಿಡಾರಿಗೆ ಬಂದ ಮೇಲೆ ನನ್ನ ತಾಯಿಯ ಹತ್ತಿರ, ‘ನೀರು ಯಾರು ತರ್ತಾರಮ್ಮ?’ ಎಂದು ಕೇಳಿದರು. ನನ್ನ ತಾಯಿಗೆ ಉತ್ತರ ಹೊಳೆಯಲಿಲ್ಲ. 15 ಲೀಟರಿನ ಕೊಡವೊಂದು ತುಂಬಿದರೆ ನೀರೇ 15 ಕಿಲೋಗ್ರಾಂ ತೂಗುತ್ತದೆ. ಅಡುಗೆಯ ಗ್ಯಾಸಿನ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋಗ್ರಾಂ, ಕಬ್ಬಿಣ ಬೇರೆ. ಅಕ್ಕಿಯ ಮೂಟೆ, ಹುಲ್ಲಿನ ಹೊರೆ, ಕಂಕುಳಲ್ಲಿ ಕೂರುವ ಮಗು, ಇವನ್ನೆಲ್ಲ ಲೆಕ್ಕ ಹಾಕಿದರೆ ನಮ್ಮ ದೇಶದ ಬಡವರು ದಿನವಿಡೀ ಭಾರ ಎತ್ತುವ ಸ್ಪರ್ಧೆಯಲ್ಲಿಯೇ ಇರುತ್ತಾರೆ. ಚಪ್ಪಾಳೆ ತಟ್ಟುವವರು ಮಾತ್ರ ಇರುವುದಿಲ್ಲ. ಇಂಥವರಿಗೆ ‘ಎತ್ತಬೇಡ’ ಎನ್ನುವುದು ‘ದುಡಿಯಬೇಡ’ ಎಂದಂತೆಯೇ. ಆಕೆ ಕೊಡವನ್ನು ಎತ್ತಿಯೇ ಎತ್ತುತ್ತಾರೆ. ಉಸಿರು ಕಟ್ಟಿ, ಸೊಂಟ ಬಗ್ಗಿಸಿ, ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಸೊರಗಿದ ಸ್ನಾಯುಗಳಿಂದ ಎತ್ತುತ್ತಾರೆ. ಎತ್ತಕೂಡದೆಂದವರು ಎತ್ತುವ ಬಗೆಯನ್ನು ಹೇಳಿಕೊಡಲಿಲ್ಲವಲ್ಲ!

ಅಂಗಸಾಧನೆ ಎಂದೊಡನೆ ನಮ್ಮ ವಿದ್ಯಾವಂತರಿಗೆ ಕನ್ನಡಿಯ ಮುಂದೆ ತೋಳು ಉಬ್ಬಿಸುವ ತರುಣನ ಚಿತ್ರ ಕಣ್ಣಮುಂದೆ ಬರುತ್ತದೆ. ಕಲಾ ಕಾಲೇಜಿನವರಿಗಂತೂ ಅದು ಅನ್ಯಲೋಕ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೆಂಬುದನ್ನು ನಾವು ಪರೀಕ್ಷೆಗೆ ಓದಿ ಮರೆತಿದ್ದೇವೆ. ಸ್ಟೋಮಾದವನಿಗೆ ಅಂಗಸಾಧನೆ ಶೃಂಗಾರವಲ್ಲ. ಕಿಂಡಿಯಿರುವ ಗೋಡೆಗೆ ಸುತ್ತಲಿನ ಇಟ್ಟಿಗೆಗಳು ಗಟ್ಟಿಯಾಗಿರಬೇಡವೆ? ಹೊಟ್ಟೆಯ ಆಳದ ಸ್ನಾಯುಗಳು, ಬೆನ್ನು, ತೊಡೆ, ಪೃಷ್ಠ ಇವು ಬಲವಾಗಿದ್ದರೆ ಕೊಡ ಎತ್ತುವಾಗ ಹೊಟ್ಟೆಯ ಮೇಲೆ ಬೀಳುವ ಹೊರೆ ಹಂಚಿಹೋಗುತ್ತದೆ. ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ಜೋರಾಗಿ ಕೆಮ್ಮಿದಾಗ, ನೆಗೆದಾಗ ಹೊಟ್ಟೆಯೊಳಗೆ ಏಳುವ ಒತ್ತಡ ಮಿತವಾದ ಭಾರವನ್ನು ಕ್ರಮವಾಗಿ ಎತ್ತುವಾಗಿನ ಒತ್ತಡಕ್ಕಿಂತ ಹೆಚ್ಚಿರಬಲ್ಲದು. ಆದರೂ ನೆಗಡಿಯಾದವನಿಗೆ ‘ಕೆಮ್ಮಬೇಡ’ ಎಂದು ಯಾರೂ ಆಜ್ಞೆ ಮಾಡಿದ್ದಿಲ್ಲ. ಕೆಮ್ಮುವಾಗ ಸ್ಟೋಮಾದ ಮೇಲೆ ಅಂಗೈ ಒತ್ತಿ ಹಿಡಿಯಲು ಕಲಿಸುತ್ತಾರೆ. ಭಾರದ ವಿಷಯದಲ್ಲಿಯೂ ಇದೇ ವಿವೇಕವನ್ನು ತೋರಿಸಬಾರದೇಕೆ?

ನನ್ನ ಅನುಭವವನ್ನು ಹೇಳುತ್ತೇನೆ. ಇದು ಯಾರಿಗೂ ಔಷಧದ ಚೀಟಿಯಲ್ಲ. ಮೊದಲ ಸಾಧನೆ ವಾರ್ಡಿನ ಬಾಗಿಲಿನವರೆಗೆ ನಡೆದುದು. ಮನೆಗೆ ಬಂದ ಮೇಲೆ ಅಂಗಳ, ಬೀದಿ, ಊರಿನ ಕೆರೆಯ ಏರಿ ಹೀಗೆ ನಡಿಗೆ ಬೆಳೆಯಿತು. ಆಸ್ಪತ್ರೆಯ ಅಂಗಮರ್ದನ ವಿಭಾಗದ, ಎಂದರೆ ಈಗ ಫಿಸಿಯೋಥೆರಪಿ ಎನ್ನುವ ವಿಭಾಗದ, ಒಬ್ಬ ಸೋದರಿ ಹಾಸಿಗೆಯಲ್ಲಿ ಮಲಗಿಯೇ ಮಾಡುವ ಎರಡು ಅಭ್ಯಾಸಗಳನ್ನು ಕಲಿಸಿದರು. ಮೊಣಕಾಲು ಮಡಿಸಿ, ಉಸಿರು ಬಿಡುತ್ತ ಹೊಕ್ಕುಳನ್ನು ಮೆಲ್ಲಗೆ ಒಳಕ್ಕೆ ಸೆಳೆದು ಸೊಂಟವನ್ನು ನೆಲಕ್ಕೆ ಒತ್ತುವುದು ಒಂದು. ಮಡಿಸಿದ ಮೊಣಕಾಲುಗಳನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಹೊರಳಿಸುವುದು ಇನ್ನೊಂದು. ನೋಡಿದವರಿಗೆ ಇವು ಸೋಮಾರಿಯ ಹೊರಳಾಟದಂತೆ ಕಾಣುತ್ತವೆ. ಗರಡಿಯಲ್ಲಿ ದಂಡ ಹೊಡೆದಿದ್ದ ನನಗೆ ಇದು ಅವಮಾನವೆನಿಸಿತ್ತು. ಹತ್ತು ಬಾರಿ ಮಾಡುವುದರೊಳಗೆ ಬೆವರೂ ಬಂದಿತ್ತು.

ಮೂರು ತಿಂಗಳು ತುಂಬಿ ಶಸ್ತ್ರವೈದ್ಯರು ಪರೀಕ್ಷಿಸಿ ಒಪ್ಪಿಗೆಯಿತ್ತ ಮೇಲೆ ಕೈಗೆ ಒಂದೊಂದು ಲೀಟರಿನ ನೀರಿನ ಸೀಸೆ ಬಂದಿತು. ಕುರ್ಚಿಯಿಂದ ಏಳುವುದು, ಕೂರುವುದು ಬೈಠಕ್ಕಿಗೆ ಪೂರ್ವಪೀಠಿಕೆಯಾಯಿತು. ಆರನೆಯ ತಿಂಗಳಲ್ಲಿ 20 ಕಿಲೋಗ್ರಾಮಿನ ಬರಿಯ ಸರಳು. ಇಂದು, ಹದಿನಾಲ್ಕನೆಯ ತಿಂಗಳಲ್ಲಿ, 50 ಕಿಲೋಗ್ರಾಂ ಹೊತ್ತು ಬೈಠಕ್ ತೆಗೆಯುತ್ತೇನೆ. ಹಿಂದೆ ಇದಕ್ಕಿಂತ ಹೆಚ್ಚು ಎತ್ತುತ್ತಿದ್ದೆ. ಆ ಲೆಕ್ಕವನ್ನು ಇನ್ನೊಬ್ಬ ಮನುಷ್ಯನದೆಂದು ಭಾವಿಸಿ ಪಕ್ಕಕ್ಕಿಟ್ಟಿದ್ದೇನೆ.

ಕೆಲವು ಎಚ್ಚರಗಳು ಅವಶ್ಯವಾದುವು. ಎತ್ತುವಾಗ ಉಸಿರನ್ನು ಬಿಗಿಹಿಡಿಯಬಾರದು, ಬಿಡುತ್ತಾ ಎತ್ತಬೇಕು. ಹಳೆಯ ಉಸ್ತಾದರು ಹೇಳುವಂತೆ ದಮ್ಮು ಕಟ್ಟಿ ಎತ್ತುವುದು ನಮ್ಮಂಥವರಿಗಲ್ಲ. ಸ್ಟೋಮಾದಲ್ಲಿ ನೋವನ್ನು ಅರಿಯುವ ನರಗಳಿಲ್ಲ. ಸರಳು ತಗುಲಿದರೂ ಬಿಗಿಯಾದ ಪಟ್ಟಿ ಉಜ್ಜಿದರೂ ಅದು ಕೂಗಿಕೊಳ್ಳುವುದಿಲ್ಲ. ಆದ್ದರಿಂದ ಕಣ್ಣೇ ಅದರ ನರ. ಅಭ್ಯಾಸದ ಮೊದಲೂ ಅನಂತರವೂ ನೋಡಿಕೊಳ್ಳಬೇಕು, ಚೀಲವನ್ನು ಬರಿದುಮಾಡಿಕೊಳ್ಳಬೇಕು. ಪಕ್ಕದಲ್ಲಿ ಹೊಸದಾಗಿ ಉಬ್ಬು ಕಂಡರೆ, ಎಳೆತ ತೋರಿದರೆ ಅಂದಿಗೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆಧಾರದ ಪಟ್ಟಿಯನ್ನು ಅವರೇ ಅಳೆದು ಕೊಡತಕ್ಕದ್ದು.

ಇಲಿಯಾಸ್ಟಮಿಯವರಿಗೆ ಬೆವರಿನ ಪ್ರಶ್ನೆ ಬೇರೆ. ದೊಡ್ಡ ಕರುಳು ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ನೀರನ್ನು, ಅದರೊಡನೆ ಉಪ್ಪನ್ನು, ದೇಹಕ್ಕೆ ಹಿಂದಿರುಗಿಸುವ ಅಂಗ. ಅದು ಇಲ್ಲದವನು ಮೇ ತಿಂಗಳ ಬಿಸಿಲಿನಲ್ಲಿ ಬೆವರಿದರೆ ಎರಡು ಕಡೆಯಿಂದ ಸೋರಿದ ಮಡಕೆಯಾಗುತ್ತಾನೆ. ಬರಿಯ ನೀರನ್ನು ಕೊಡಗಟ್ಟಲೆ ಕುಡಿದರೂ ಸಾಲದು. ಉಪ್ಪು, ಸಕ್ಕರೆ ಸೇರಿದ ಪಾನಕ ಬೇಕು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಇಂಥ ದ್ರಾವಣವನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಸಾವಿರಾರು ಜನರ ಪ್ರಾಣ ಉಳಿಸಿದರು. ಅದೇ ಪುಡಿಯ ಪೊಟ್ಟಣ ಇಂದು ಎಲ್ಲ ಔಷಧದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ನನ್ನ ಚೀಲದಲ್ಲಿ, ಎಂದರೆ ಪುಸ್ತಕದ ಚೀಲದಲ್ಲಿ, ಎರಡು ಪೊಟ್ಟಣ ಯಾವಾಗಲೂ ಇರುತ್ತವೆ.

ಅಮೆರಿಕದಲ್ಲಿ ರೋಲ್ಫ್ ಬೆನಿರ್ಷ್ಕೆ ಎಂಬ ಫುಟ್ಬಾಲ್ ಆಟಗಾರರಿದ್ದಾರೆ. ಅಲ್ಲಿನ ಫುಟ್ಬಾಲೆಂದರೆ ಮಲ್ಲಯುದ್ಧಕ್ಕೆ ಚೆಂಡು ಸೇರಿಸಿದಂತೆ. 1979ರಲ್ಲಿ ಕರುಳಿನ ರೋಗದಿಂದ ಶಸ್ತ್ರಚಿಕಿತ್ಸೆಯಾಗಿ, ದೇಹ ಅರ್ಧಕ್ಕಿಳಿದಂತಾಗಿ, ಹೊಟ್ಟೆಗೆ ಚೀಲ ಬಂದಿತು. 1980ರಲ್ಲಿ ಅವರು ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡಕ್ಕೆ ಮರಳಿದರು. 1982ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ, ಹೆಚ್ಚುವರಿ ಸಮಯಕ್ಕೆ ಬೆಳೆದ ಪಂದ್ಯವನ್ನು 41–38ರಲ್ಲಿ ಗೆಲ್ಲಿಸಿದುದು ಅವರ ಒದೆತವೇ. ಅವರ ಹಿಂದೆ ತರಬೇತುದಾರರು, ವೈದ್ಯರು, ಹಣ ಎಲ್ಲ ಇದ್ದುವೆಂಬುದು ನಿಜ. ಬೀದಿಯ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತ ತಾಯಿಗೆ ಆ ಭಾಗ್ಯವಿಲ್ಲ. ಹಾಗೆಂದೇ ಇದನ್ನು ಆಕೆಯ ಇಚ್ಛಾಶಕ್ತಿಗೆ ಬಿಟ್ಟುಬಿಡುವುದು ನ್ಯಾಯವಲ್ಲವೆಂದು ನಾನು ಹೇಳುವುದು. ‘ಮನಸ್ಸಿದ್ದರೆ ಮಾರ್ಗ’ ಎಂದು ಭಾಷಣ ಮಾಡುವವರು ಮಾರ್ಗವನ್ನು ಯಾರು ಹಾಕಬೇಕೆಂಬುದನ್ನೂ ಹೇಳಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾಗುವವರ ಕೈಗೆ ಚೀಲ ಬದಲಿಸುವ ಕ್ರಮದ ಕಾಗದವನ್ನೂ ಆಹಾರದ ಪಟ್ಟಿಯನ್ನೂ ಕೊಡುತ್ತಾರೆ. ಜೊತೆಗೆ ಇನ್ನೊಂದು ಕಾಗದವಿರಲಿ. ಯಾವ ವಾರದವರೆಗೆ ಎಷ್ಟು ಎತ್ತಬಾರದು, ಯಾವಾಗ ಮರಳಿ ಬಂದು ತೋರಿಸಬೇಕು, ಆಮೇಲೆ ಎಲ್ಲಿಂದ ಪ್ರಾರಂಭಿಸಬೇಕು ಎಂಬುದು ಅದರಲ್ಲಿ ಕನ್ನಡದಲ್ಲಿ ಅಚ್ಚಾಗಿರಲಿ. ಅಕ್ಷರ ಬಾರದವರಿಗೆ ಚಿತ್ರವಿರಲಿ, ಚಿತ್ರದಲ್ಲಿ ಕೊಡವಿರಲಿ. ವಿಲಾಯತಿಯ ಡಂಬೆಲ್ಲು ಬೇಡ. ಹರ್ನಿಯಾ ಇರುವವರಿಗೆ, ವಯಸ್ಸಾದವರಿಗೆ, ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿರುವವರಿಗೆ ಲೆಕ್ಕ ಬೇರೆಯಾದೀತು. ಅದನ್ನು ವೈದ್ಯರು ಒಬ್ಬೊಬ್ಬರಿಗೂ ನಿರ್ಣಯಿಸಲಿ.

ವ್ಯಾಯಾಮಶಾಲೆಗಳವರಿಗೂ ನನ್ನದೊಂದು ಮಾತುಂಟು. ಪಟ್ಟಣದ ಒಂದು ವ್ಯಾಯಾಮಶಾಲೆಯಲ್ಲಿ ನನ್ನ ವಿಷಯವನ್ನು ಮುಚ್ಚಿಡದೆ ತಿಳಿಸಿದೆ. ವೈದ್ಯರ ಪತ್ರವನ್ನೂ ತೋರಿಸಿದೆ. ಅಲ್ಲಿನ ಯಜಮಾನರು ಪತ್ರವನ್ನು ಎರಡು ಬಾರಿ ಓದಿ, ನನ್ನ ಹೊಟ್ಟೆಯನ್ನು ಒಂದು ಬಾರಿ ನೋಡಿ, ‘ಉಳಿದವರಿಗೆ ಕಸಿವಿಸಿಯಾದೀತು’ ಎಂದರು. ಹೆಸರು ಹೇಳಿ ಪ್ರಯೋಜನವಿಲ್ಲ. ಅವರು ಕೆಟ್ಟವರಲ್ಲ, ಹೋಗುವಾಗ ಚಹಾ ಕುಡಿಸಿದರು. ಆದರೆ ನನಗೆ ಬೇಕಾಗಿದ್ದುದು ಚಹಾ ಅಲ್ಲ. ಅಂಟು ಸರಿಯಾಗಿ ಕೂತ ಚೀಲ ವಾಸನೆ ಬರಗೊಡದು, ಅಂಗಿಯ ಕೆಳಗೆ ಕಾಣುವುದೂ ಇಲ್ಲ. ಸ್ಟೋಮಾ ಅಂಟುರೋಗವಲ್ಲ. ಬಾಯಿ ಮುಚ್ಚಿಕೊಂಡು ಸೇರಿದವರು ಎಷ್ಟೋ ಜನ ಅದೇ ಶಾಲೆಯಲ್ಲಿ ಇದ್ದಿರಬಹುದು! ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚಿದರೆ ಮುಂದಿನವನು ಸುಳ್ಳು ಹೇಳುತ್ತಾನೆ. ಆಗ ಅವನು ದಮ್ಮು ಕಟ್ಟಿ ಎತ್ತುವುದನ್ನು ತಡೆಯುವವರು ಯಾರೂ ಇರುವುದಿಲ್ಲ.

ನಮ್ಮ ಕಾಲೇಜಿನ ವ್ಯಾಯಾಮ ಕೊಠಡಿಯಲ್ಲಿ ನನಗೆ ಪ್ರವೇಶ ದೊರೆತಿದೆ. ಸರಳಿಗೆ ತುಕ್ಕು ಹಿಡಿದಿದೆ, ತೂಕಗಳು ಜೋಡಿಗೆ ಜೋಡಿ ಹೊಂದುವುದಿಲ್ಲ, ಅದು ಎಲ್ಲರ ಪಾಡು. ಪಕ್ಕದ ಶೌಚಗೃಹದ ಬಗೆಗೆ ಮಾತ್ರ ನನ್ನ ವಿಜ್ಞಾಪನೆ. ಚೀಲ ಬರಿದುಮಾಡಿಕೊಳ್ಳುವವನಿಗೆ ಎರಡು ಕೈಗಳೂ ಬೇಕು. ಬಾಗಿಲಿಗೆ ಗಟ್ಟಿಯಾದ ಚಿಲಕ, ಅಂಗಿ ತೂಗುಹಾಕಲು ಒಂದು ಕೊಕ್ಕೆ, ನೀರು, ಮುಚ್ಚಳವಿರುವ ಒಂದು ಕಸದ ಬುಟ್ಟಿ ಇಷ್ಟಿದ್ದರೆ ಸಾಕು. ಚಿಲಕವೂ ನಲ್ಲಿಯೂ ಇವೆ. ಕೊಕ್ಕೆಯ ಬದಲು ಹೋದ ತಿಂಗಳು ನಾನೇ ಒಂದು ಮೊಳೆ ಹೊಡೆದಿದ್ದೇನೆ. ಬುಟ್ಟಿಯ ಅರ್ಜಿ ಪ್ರಾಂಶುಪಾಲರ ಮೇಜಿನ ಮೇಲಿದೆ.